ಘಾಟ್‌ನಲ್ಲಿ ಎಳೆಯದ ಡೀಸೆಲ್ ಗಾಡಿ: ಏರ್ ಫ್ಲೋ ಸೆನ್ಸರ್ ಬದಲಿಸುವ ಮುಂಚೆ ಏನೇನು ನೋಡಬೇಕು?

(ಗಾಡಿ ಮಾಲೀಕರ ಆನ್‌ಲೈನ್ ಚರ್ಚೆ. ಪ್ರತಿ ಬರಹದ ಮೇಲೆ ಬರೆದವರ ಅಡ್ಡಹೆಸರು ಇದೆ.)

ಅರಬೈಲ್ ಏರು

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಗಾಡಿ, 1.3 ಲೀಟರ್ ಟರ್ಬೊ ಡೀಸೆಲ್, 1,34,000 ಕಿ.ಮೀ. ಓಡಿದೆ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಬೇರೆ ಬೇರೆ ಕಂಪನಿಯವರು ತಮ್ಮ ಸಣ್ಣ ಕಾರುಗಳಿಗೆ ಹಾಕುತ್ತಿದ್ದ ಅದೇ 1248 ಸಿ.ಸಿ. ಎಂಜಿನ್. ನಾನಿರುವುದು ಹುಬ್ಬಳ್ಳಿಯಲ್ಲಿ, ಅಪ್ಪ ಅಮ್ಮ ಇರುವುದು ಅಂಕೋಲಾ ಹತ್ತಿರ. ಹದಿನೈದು ದಿನಕ್ಕೊಮ್ಮೆ ಯಲ್ಲಾಪುರದ ಮೇಲೆ ಅರಬೈಲ್ ಘಾಟ್ ಇಳಿದು ಹೋಗಿ, ಹತ್ತಿ ಬರುತ್ತೇನೆ.

ಎರಡು ತಿಂಗಳಿಂದ ಗಾಡಿಗೆ ಪಿಕಪ್ ಇಲ್ಲ. ಮೂರನೇ ಗೇರಿನಲ್ಲಿ ಆರಾಮವಾಗಿ ಹತ್ತುತ್ತಿದ್ದ ತಿರುವುಗಳಲ್ಲಿ ಈಗ ಎರಡಕ್ಕೆ ಇಳಿಸಬೇಕು. ಕಾಲು ಪೂರ್ತಿ ಒತ್ತಿದರೂ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ಮೈಲೇಜ್ 21 ಇದ್ದದ್ದು 17ಕ್ಕೆ ಬಂದಿದೆ. ಕಪ್ಪು ಹೊಗೆ ಇಲ್ಲವೇ ಇಲ್ಲ. ಹೋದ ವಾರ ಚೆಕ್ ಎಂಜಿನ್ ಲೈಟ್ ಬಂತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು, ಪಿ0101 ಕೋಡ್. ಸ್ಕ್ಯಾನರ್ ಕಿತ್ತ ಎರಡೇ ನಿಮಿಷಕ್ಕೆ "ಮಾಸ್ ಏರ್ ಫ್ಲೋ ಸೆನ್ಸರ್ ಹೋಗಿದೆ, 11,500 ಆಗುತ್ತೆ" ಅಂದರು. ಬಾನೆಟ್ ಒಳಗೆ ಬಗ್ಗಿ ನೋಡಲೂ ಇಲ್ಲ.

ದುಡ್ಡು ಕೊಡಲು ತಕರಾರಿಲ್ಲ. ಆದರೆ ಹಾಕಿದ ಮೇಲೂ ಸರಿ ಹೋಗದಿದ್ದರೆ? ಸೆನ್ಸರೇ ಹೋಗಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ, ಮನೆಯಲ್ಲೇ ಬದಲಿಸಬಹುದಾ? ಗೊತ್ತಿದ್ದವರು ಹೇಳಿ.

ಹತ್ತರ ಸ್ಪ್ಯಾನರ್

ಇಪ್ಪತ್ತೆರಡು ವರ್ಷ ಡೀಸೆಲ್ ಕೆಲಸ ಮಾಡಿದ್ದೇನೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಪಿ0101 ಅಂದರೆ ಸೆನ್ಸರ್ ಸತ್ತಿದೆ ಅಂತ ಅರ್ಥ ಅಲ್ಲ. ಸೆನ್ಸರ್ ಹೇಳುತ್ತಿರುವ ಲೆಕ್ಕ ನಂಬುವ ಹಾಗಿಲ್ಲ ಅಂತ ಇ.ಸಿ.ಯು., ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹೇಳುತ್ತಿದೆ, ಅಷ್ಟೇ. ವೈರ್ ತುಂಡಾಗಿ ಸಿಗ್ನಲ್ ಬಾರದೇ ಇದ್ದರೆ ಸಾಮಾನ್ಯವಾಗಿ ಪಿ0102 ಬರುತ್ತದೆ, ಸಿಗ್ನಲ್ ಅತಿಯಾದರೆ ಪಿ0103. ನಿಮ್ಮದರಲ್ಲಿ ಸಿಗ್ನಲ್ ಬರುತ್ತಿದೆ, ಆದರೆ ತಪ್ಪು ಬರುತ್ತಿದೆ. ಅದಕ್ಕೆ ಸೆನ್ಸರೇ ಕಾರಣ ಇರಬಹುದು, ಪೈಪ್ ಸೀಳಿರಬಹುದು, ಫಿಲ್ಟರ್ ಕಟ್ಟಿರಬಹುದು, ಇ.ಜಿ.ಆರ್. ವಾಲ್ವ್ (ಎಂಜಿನ್ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಬಾಗಿಲು) ಮಸಿ ಹಿಡಿದು ಅರ್ಧಕ್ಕೆ ನಿಂತಿರಬಹುದು.

ಈ ಸೆನ್ಸರ್ ಏನು ಮಾಡುತ್ತೆ ಅಂತ ಮೊದಲು ತಿಳಿದುಕೊಳ್ಳಿ. ಫಿಲ್ಟರ್ ಡಬ್ಬಿಯಿಂದ ಹೊರಟ ಗಾಳಿಯ ದಾರಿಯಲ್ಲಿ ಉಗುರಿಗಿಂತ ಚಿಕ್ಕದೊಂದು ಫಿಲಂ ಇದೆ. ಅದನ್ನು ಕರೆಂಟಿನಿಂದ ಗಾಳಿಗಿಂತ ಜಾಸ್ತಿ ಬಿಸಿಯಾಗಿ ಇಟ್ಟಿರುತ್ತಾರೆ. ಹಾದು ಹೋಗುವ ಗಾಳಿ ಅದರ ಬಿಸಿಯನ್ನು ಎಳೆದುಕೊಳ್ಳುತ್ತದೆ. ಎಷ್ಟು ಎಳೆದುಕೊಂಡಿತು ಅನ್ನುವುದರ ಮೇಲೆ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಒಳಗೆ ಹೋಯಿತು ಅಂತ ಗೊತ್ತಾಗುತ್ತದೆ. ಬಿಸಿ ಗಾಳಿ ಹಗುರ, ತಣ್ಣನೆ ಗಾಳಿ ಭಾರ, ಘಾಟ್ ಮೇಲಿನ ಗಾಳಿ ಕೆಳಗಿನದಕ್ಕಿಂತ ತೆಳು, ಹಾಗಾಗಿ ಲೀಟರ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರಲ್ಲ, ತೂಕವೇ ಬೇಕು. ಆ ಫಿಲಂ ಮೇಲೆ ಧೂಳು, ಎಣ್ಣೆ ಕೂತರೆ ಅದು ಕಂಬಳಿ ಹೊದ್ದ ಹಾಗೆ. ಗಾಳಿ ಜೋರಾಗಿ ಹೋದರೂ ಬಿಸಿ ಅಷ್ಟು ಬೇಗ ಇಳಿಯಲ್ಲ. ಸೆನ್ಸರ್ ಗಾಳಿ ಕಡಿಮೆ ಅಂತ ಹೇಳುತ್ತದೆ.

ಡೀಸೆಲ್ ಗಾಡಿಯಲ್ಲಿ ಈ ಲೆಕ್ಕ ಎರಡು ಕಡೆ ಬೇಕು. ಇ.ಜಿ.ಆರ್. ಎಷ್ಟು ತೆರೆಯಬೇಕು ಅನ್ನುವುದಕ್ಕೆ, ಮತ್ತೆ ಹೊಗೆ ಬಾರದ ಹಾಗೆ ಗರಿಷ್ಠ ಎಷ್ಟು ಡೀಸೆಲ್ ಕೊಡಬಹುದು ಅನ್ನುವುದಕ್ಕೆ. ಗಾಳಿ ಕಡಿಮೆ ಅಂತ ಸೆನ್ಸರ್ ಹೇಳಿದರೆ ಇ.ಸಿ.ಯು. ಡೀಸೆಲ್ ಕಡಿತ ಮಾಡುತ್ತದೆ. ಡೀಸೆಲ್ ಕಡಿಮೆ ಆದಾಗ ಟರ್ಬೊ (ಎಂಜಿನ್ನಿಗೆ ಗಾಳಿ ತುರುಕುವ ಪಂಕ) ತಿರುಗಿಸುವ ಹೊಗೆಯ ಬಲವೂ ಕಡಿಮೆ, ಬೂಸ್ಟ್, ಅಂದರೆ ಅದು ತುರುಕುವ ಗಾಳಿಯ ಒತ್ತಡ, ಏರಲ್ಲ. ಹೊಗೆ ಇಲ್ಲ, ಎಳೆತವೂ ಇಲ್ಲ. ನೀವು ಬರೆದದ್ದಕ್ಕೆ ಇದು ಸರಿಯಾಗಿ ಕೂರುತ್ತದೆ. ಸೆನ್ಸರ್ ಉಲ್ಟಾ ಜಾಸ್ತಿ ಹೇಳಿದ್ದರೆ ನಿಮ್ಮ ಹಿಂದೆ ಬರುವವರಿಗೆ ಕಪ್ಪು ಹೊಗೆ ಬಡಿಯುತ್ತಿತ್ತು.

ಮೊದಲ ಪರೀಕ್ಷೆ ಸುಲಭ. ಇಗ್ನಿಷನ್ ಆಫ್ ಮಾಡಿ, ಸೆನ್ಸರ್ ಕಪ್ಲರ್ (ವೈರ್ ಸೇರುವ ಪ್ಲಗ್) ಬಿಚ್ಚಿ, ಅದೇ ಏರು ಹತ್ತಿಸಿ ನೋಡಿ. ಕಪ್ಲರ್ ಇಲ್ಲದಾಗ ಇ.ಸಿ.ಯು. ತನ್ನಲ್ಲಿರುವ ಒಂದು ಅಂದಾಜು ಲೆಕ್ಕ ಹಿಡಿದು ಓಡಿಸುತ್ತದೆ. ಆಗ ಎಳೆತ ವಾಪಸ್ ಬಂದರೆ ಸೆನ್ಸರ್ ಮೇಲೆ ಅನುಮಾನ ಬರುತ್ತದೆ. ಬರೀ ಅನುಮಾನ, ತೀರ್ಪಲ್ಲ. ಸೆನ್ಸರ್ ಮತ್ತು ಟರ್ಬೊ ನಡುವಿನ ಪೈಪ್ ಸೀಳಿದ್ದರೆ ಗಾಳಿ ಸೆನ್ಸರ್ ಮುಟ್ಟದೆ ಪಕ್ಕದಿಂದ ಒಳಗೆ ಹೋಗುತ್ತದೆ. ಸೆನ್ಸರ್ ಪ್ರಾಮಾಣಿಕವಾಗಿ ಕಡಿಮೆ ಅಂತಲೇ ಹೇಳುತ್ತದೆ. ಅದಕ್ಕೂ ಕಪ್ಲರ್ ಬಿಚ್ಚಿದರೆ ಗಾಡಿ ಎಳೆಯುತ್ತದೆ. ಅಲ್ಲದೆ ಕಪ್ಲರ್ ಬಿಚ್ಚಿದಾಗ ಇ.ಜಿ.ಆರ್. ಕೂಡ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ, ಅದರಿಂದಲೂ ಸ್ವಲ್ಪ ಹುರುಪು ಬಂದ ಹಾಗೆ ಅನಿಸುತ್ತದೆ. ಈ ಒಂದೇ ಪರೀಕ್ಷೆ ಮಾಡಿ ಸೆನ್ಸರ್ ಕೊಂಡವರನ್ನು ತುಂಬಾ ಜನ ನೋಡಿದ್ದೇನೆ.

ಸಂಡೂರು ಕೆಂಪುಮಣ್ಣು

ಮೇಲಿನವರು ಎಲ್ಲ ಹೇಳಿದ್ದಾರೆ, ನನ್ನದು ಒಂದೇ ಮಾತು. ಫಿಲ್ಟರ್ ಡಬ್ಬಿ ತೆಗೆದು, ಫಿಲ್ಟರ್ ದಾಟಿದ ಮೇಲಿನ ಭಾಗ ಇದೆಯಲ್ಲ, ಅಂದರೆ ಶುದ್ಧ ಗಾಳಿ ಮಾತ್ರ ಇರಬೇಕಾದ ಕಡೆ, ಅಲ್ಲಿ ಬಿಳಿ ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಹತ್ತಿದರೆ ಸೆನ್ಸರ್ ಯಾಕೆ ಹೋಯಿತು ಅಂತ ಅಲ್ಲೇ ಉತ್ತರ ಸಿಗುತ್ತದೆ.

ನಮ್ಮ ಕಡೆ ಅದಿರು ಲಾರಿ ಓಡುವ ರಸ್ತೆಯಲ್ಲಿ ಐದು ವರ್ಷದಲ್ಲಿ ಎರಡು ಸೆನ್ಸರ್ ಹಾಕಿದೆ. ಎರಡನೆಯದು ಒಂಬತ್ತು ತಿಂಗಳೂ ಬಾಳಲಿಲ್ಲ. ಆಮೇಲೆ ಗೊತ್ತಾಯಿತು, ನಾನು ಹಾಕುತ್ತಿದ್ದ ಅಗ್ಗದ ಫಿಲ್ಟರಿನ ಸುತ್ತಿನ ರಬ್ಬರ್ ಅಂಚು ಡಬ್ಬಿಗಿಂತ ಒಂದೆರಡು ಮಿಲಿಮೀಟರ್ ಸಣ್ಣದು. ಅಷ್ಟು ಸಂದಿ ಸಾಕು. ಕೆಂಪು ಧೂಳು ನೀರಿನ ಹಾಗೆ ಹರಿದು ಬರುತ್ತದೆ. ಫಿಲ್ಟರ್ ಸರಿಯಾದ್ದು ಹಾಕಿದ ಮೇಲೆ ಮೂರನೇ ಸೆನ್ಸರ್ ನಾಲ್ಕು ವರ್ಷದಿಂದ ಇದೆ.

ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಹಾಕಿದ್ದೀರಾ? ಹಾಕಿದ್ದರೆ ಅದೂ ಒಂದು ಕಾರಣ. ತೊಳೆದಾದ ಮೇಲೆ ಎಣ್ಣೆ ಜಾಸ್ತಿ ಹಚ್ಚಿದರೆ ಅದು ತೆಳ್ಳಗೆ ಹಾರಿ ಫಿಲಂ ಮೇಲೆ ಕೂರುತ್ತದೆ.

ಅಡಿಕೆ ಚಪ್ಪರ

ಸಿದ್ದಾಪುರದಿಂದ. ವೈರಿಂಗ್ ಮರೆಯಬೇಡಿ. ನನಗೆ ಕಳೆದ ಮಳೆಗಾಲದಲ್ಲಿ ಪಿ0102 ಬಂದಿತ್ತು. ಎರಡು ಕಡೆ ಸೆನ್ಸರ್ ಬದಲಿಸಿ ಅಂದರು. ಮೂರನೇ ಕಡೆ ಒಬ್ಬ ಹುಡುಗ ವೈರಿನ ಕಪ್ಪು ಟೇಪ್ ಬಿಡಿಸಿ ನೋಡಿದ. ಇಲಿ ಕಡಿದು ಒಂದೇ ಒಂದು ವೈರ್ ತುಂಡಾಗಿತ್ತು. ಬ್ಯಾಟರಿ ಕೆಳಗೆ ಅದು ತಂದಿಟ್ಟ ಅಡಿಕೆ ಸಿಪ್ಪೆ ಗೂಡು ಬೇರೆ. ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ಹಾಕಿ ಬಿಗಿ ಮಾಡಿ ಕೊಟ್ಟ, 300 ರೂಪಾಯಿ. ಆ ಹುಡುಗನ ಹತ್ತಿರವೇ ಈಗ ಎಲ್ಲ ಕೆಲಸ ಮಾಡಿಸುತ್ತೇನೆ.

ಬೈಪಾಸ್ ರಸ್ತೆ

ಇಷ್ಟೆಲ್ಲ ಯಾಕೆ? ಕಪ್ಲರ್ ಬಿಚ್ಚಿದರೆ ಎಳೆಯುತ್ತೆ ಅಂದ ಮೇಲೆ ಬಿಚ್ಚಿಯೇ ಓಡಿಸಿ. ನನ್ನ ಗೆಳೆಯ ಎರಡು ವರ್ಷದಿಂದ ಹಾಗೇ ಓಡಿಸುತ್ತಿದ್ದಾನೆ.

ಹತ್ತರ ಸ್ಪ್ಯಾನರ್

ದಯವಿಟ್ಟು ಹಾಗೆ ಮಾಡಬೇಡಿ. ಪರೀಕ್ಷೆಗೆ ಹತ್ತು ಕಿಲೋಮೀಟರ್ ಸರಿ. ದಿನಾ ಓಡಿಸಿದರೆ ಚೆಕ್ ಲೈಟ್ ಸದಾ ಉರಿಯುತ್ತಲೇ ಇರುತ್ತದೆ, ನಾಳೆ ನಿಜವಾಗಲೂ ಬೇರೇನಾದರೂ ಕೆಟ್ಟರೆ ನಿಮಗೆ ತಿಳಿಯುವುದೇ ಇಲ್ಲ. ಇ.ಜಿ.ಆರ್. ಮುಚ್ಚಿದ್ದರೆ ಸಿಲಿಂಡರ್ ಬಿಸಿ ಏರಿ ನೈಟ್ರೋಜನ್ ಆಕ್ಸೈಡ್ ಜಾಸ್ತಿ ಹೊರಗೆ ಬರುತ್ತದೆ. ಆ ಗಾಳಿ ಉಸಿರಾಡುವವರು ನಮ್ಮ ಊರಿನ ಮಕ್ಕಳೇ.

ಅರಬೈಲ್ ಏರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಪೂರ್ತಿ ಇದಕ್ಕೇ ಕೊಟ್ಟೆ. ಏನು ಮಾಡಿದೆ ಅಂತ ಬರೆಯುತ್ತೇನೆ.

ಗಾಡಿಯ ಕಂಪ್ಯೂಟರಿಗೆ ಚುಚ್ಚುವ ಒಂದು ಬ್ಲೂಟೂತ್ ಒ.ಬಿ.ಡಿ. ಅಡಾಪ್ಟರ್ ತಂದೆ, 900 ರೂಪಾಯಿ. ಫೋನಿನಲ್ಲಿ ಲೈವ್ ಲೆಕ್ಕ ಕಾಣುತ್ತದೆ. ಪಕ್ಕದಲ್ಲಿ ತಮ್ಮ ಕೂತು ವಿಡಿಯೋ ಮಾಡಿದ, ನಾನು ಓಡಿಸಿದೆ.

ಕಪ್ಲರ್ ಬಿಚ್ಚಿದಾಗ: ಹೌದು, ಎಳೆತ ಎದ್ದು ಕಾಣುವಷ್ಟು ವಾಪಸ್ ಬಂತು.

ಇಲಿ ಕಡಿದ ಗುರುತು ಇಲ್ಲ. ಟೇಪ್ ಬಿಡಿಸಿ ನೋಡಿದೆ. ಮಲ್ಟಿಮೀಟರ್ ಹಿಡಿದಾಗ ಕಪ್ಲರಿಗೆ 12 ವೋಲ್ಟ್ ಬರುತ್ತಿದೆ, 5 ವೋಲ್ಟ್ ಬರುತ್ತಿದೆ, ಅರ್ತ್ ಸರಿ ಇದೆ. ಇಗ್ನಿಷನ್ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಸಿಗ್ನಲ್ ವೈರ್ ನೋಡಿದರೆ 1.11 ವೋಲ್ಟ್.

ಓಡುವಾಗ: ಮೂರನೇ ಗೇರ್, ಕಾಲು ಪೂರ್ತಿ ಒತ್ತಿ, 3000 ಆರ್.ಪಿ.ಎಂ. ಮುಟ್ಟಿದಾಗ ಮಾಸ್ ಏರ್ ಫ್ಲೋ 29 ಗ್ರಾಂ. ಅದೇ ಕ್ಷಣದಲ್ಲಿ ಇಂಟೇಕ್ (ಎಂಜಿನ್ ಒಳಗೆ ಹೋಗುವ ಗಾಳಿಯ) ಒತ್ತಡ 150 ಕಿಲೋಪ್ಯಾಸ್ಕಲ್, ಇಂಟೇಕ್ ತಾಪ 45 ಡಿಗ್ರಿ. ಮೂರು ಸಲ ಮಾಡಿದೆ, 28ರಿಂದ 30ರ ಒಳಗೇ ಬಂತು. ಈ ಲೆಕ್ಕ ಕಡಿಮೆಯೋ ಸರಿಯೋ ನೋಡುವುದು ಹೇಗೆ?

ಲೆಕ್ಕದ ಪುಸ್ತಕ

ಒತ್ತಡ, ತಾಪ ಎರಡೂ ಬರೆದುಕೊಂಡದ್ದು ತುಂಬಾ ಒಳ್ಳೆಯದಾಯಿತು. ಬರೀ ಗ್ರಾಂ ಲೆಕ್ಕ ಕೊಟ್ಟಿದ್ದರೆ ಏನೂ ಹೇಳಲು ಆಗುತ್ತಿರಲಿಲ್ಲ. ಗಾಡಿಯಲ್ಲೇ ಎರಡು ಸಾಕ್ಷಿ ಇದ್ದಾರೆ, ಏರ್ ಫ್ಲೋ ಸೆನ್ಸರ್ ಒಬ್ಬ, ಒತ್ತಡ ಸೆನ್ಸರ್ ಇನ್ನೊಬ್ಬ. ಇಬ್ಬರನ್ನೂ ಬೇರೆ ಬೇರೆ ಕೇಳೋಣ.

1248 ಸಿ.ಸಿ.ಗೆ ನಾಲ್ಕು ಸಿಲಿಂಡರ್, ಒಂದಕ್ಕೆ 312 ಸಿ.ಸಿ. 3000 ಆರ್.ಪಿ.ಎಂ. ಅಂದರೆ ಸೆಕೆಂಡಿಗೆ 50 ಸುತ್ತು. ಫೋರ್ ಸ್ಟ್ರೋಕ್ ಎಂಜಿನ್ನಿನ ನಾಲ್ಕು ಸಿಲಿಂಡರ್ ಸೇರಿ ಒಂದು ಸುತ್ತಿಗೆ ಎರಡು ಸಲ ಗಾಳಿ ಎಳೆಯುತ್ತವೆ. ಹಾಗಾದರೆ ಸೆಕೆಂಡಿಗೆ 100 ಸಲ. ಒಟ್ಟು 31.2 ಲೀಟರ್.

150 ಕಿಲೋಪ್ಯಾಸ್ಕಲ್ ಒತ್ತಡ, 45 ಡಿಗ್ರಿ ಬಿಸಿ ಇರುವ ಗಾಳಿಯ ತೂಕ ಲೀಟರಿಗೆ ಸುಮಾರು 1.64 ಗ್ರಾಂ. ಸಿಲಿಂಡರ್ ನೂರಕ್ಕೆ ನೂರು ತುಂಬಲ್ಲ, 85 ಭಾಗ ತುಂಬುತ್ತೆ ಅಂತ ಹಿಡಿಯೋಣ. 31.2 × 1.64 × 0.85 ಮಾಡಿದರೆ 43 ಗ್ರಾಂ ಚಿಲ್ಲರೆ. ನಿಮ್ಮ ಸೆನ್ಸರ್ ಹೇಳುತ್ತಿರುವುದು 29. ಮೂರನೇ ಒಂದು ಭಾಗ ಗಾಳಿ ಲೆಕ್ಕಕ್ಕೇ ಸಿಗುತ್ತಿಲ್ಲ! 85ರ ಬದಲು 80 ಹಿಡಿದರೂ 41 ಬರುತ್ತದೆ. ಅಂದಾಜಿನ ತಪ್ಪಿಗೆ ಇಷ್ಟು ದೊಡ್ಡ ಅಂತರ ಬರಲ್ಲ.

ಒತ್ತಡ ಸೆನ್ಸರೇ ಸುಳ್ಳು ಹೇಳುತ್ತಿದ್ದರೆ ಅಂತ ಕೇಳಬಹುದು. ಅದಕ್ಕೂ ದಾರಿ ಇದೆ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ನೋಡಿ, ಅದು ಹೊರಗಿನ ಗಾಳಿಯ ಒತ್ತಡ ತೋರಿಸಬೇಕು. ಹುಬ್ಬಳ್ಳಿ ಸಮುದ್ರ ಮಟ್ಟಕ್ಕಿಂತ 640 ಮೀಟರ್ ಆಸುಪಾಸು ಎತ್ತರ, ಹಾಗಾಗಿ 94 ಹತ್ತಿರ ಬರಬೇಕು. ಅಂಕೋಲಾದಲ್ಲಿ 101. ಎರಡೂ ಊರಿನಲ್ಲಿ ಸರಿ ಬಂದರೆ ಒತ್ತಡ ಸೆನ್ಸರ್ ನಂಬಬಹುದು.

1.11 ವೋಲ್ಟ್ ಬಗ್ಗೆ: ನಿಮ್ಮದು ಹಳೆ ಮಾದರಿಯ ಅನಲಾಗ್ ಸೆನ್ಸರ್. ಗಾಳಿ ನಿಂತಿರುವಾಗ ಇವು 1 ವೋಲ್ಟಿಗೆ ತುಂಬಾ ಹತ್ತಿರ ಇರಬೇಕು. 1.11 ಜಾಸ್ತಿಯೇ ಆಯಿತು. ಓದುತ್ತಿರುವ ಬೇರೆಯವರಿಗೆ ಒಂದು ಮಾತು, ಹೊಸ ಗಾಡಿಗಳಲ್ಲಿ ಡಿಜಿಟಲ್ ಸೆನ್ಸರ್ ಬರುತ್ತದೆ, ಅದು ವೋಲ್ಟ್ ಬದಲು ಫ್ರೀಕ್ವೆನ್ಸಿ ಕಳಿಸುತ್ತದೆ. ಅದಕ್ಕೆ ಈ ಮಲ್ಟಿಮೀಟರ್ ಪರೀಕ್ಷೆ ಹೊಂದಲ್ಲ.

ಹತ್ತರ ಸ್ಪ್ಯಾನರ್

ಲೆಕ್ಕ ಚೆನ್ನಾಗಿ ಮಾಡಿದ್ದೀರಿ. ಇನ್ನು ಉಳಿದದ್ದು ಪೈಪ್. ಸೆನ್ಸರಿನಿಂದ ಟರ್ಬೊವರೆಗಿನ ರಬ್ಬರ್ ಪೈಪ್ ಬಿಚ್ಚಿ, ಕೈಯಲ್ಲಿ ಹಿಡಿದು, ಮಡಿಕೆ ಮಡಿಕೆ ಬಿಡಿಸಿ ನೋಡಿ. ಗಾಡಿಯಲ್ಲೇ ಇರುವಾಗ ಸೀಳು ಮುಚ್ಚಿಕೊಂಡಿರುತ್ತದೆ, ಕಾಣಲ್ಲ. ಟರ್ಬೊ ಆದಮೇಲಿನ ಪೈಪ್ ಸೀಳಿದ್ದರೆ ಕಥೆ ಬೇರೆ, ಆಗ ಅಳತೆ ಆದ ಗಾಳಿ ಹೊರಗೆ ಸೋರುತ್ತದೆ, ಕಪ್ಪು ಹೊಗೆ ಬರುತ್ತದೆ. ನಿಮಗೆ ಹೊಗೆ ಇಲ್ಲ.

ಹೊಸ ಡ್ರೈವರ್

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ಸಣ್ಣ ಪೆಟ್ರೋಲ್ ಕಾರು, ಸಿ.ಎನ್.ಜಿ. ಕಿಟ್ ಹಾಕಿಸಿದ್ದೇನೆ. ಬಾನೆಟ್ ತೆಗೆದು ಹುಡುಕಿದೆ, ಈ ಸೆನ್ಸರ್ ಎಲ್ಲೂ ಕಾಣಲಿಲ್ಲ. ಯಾರಾದರೂ ಕಿತ್ತುಕೊಂಡಿರಬಹುದಾ?

ಲೆಕ್ಕದ ಪುಸ್ತಕ

ಗಾಬರಿ ಬೇಡ. ನಮ್ಮಲ್ಲಿ ಮಾರುವ ಎಷ್ಟೋ ಸಣ್ಣ ಪೆಟ್ರೋಲ್ ಗಾಡಿಗಳಲ್ಲಿ ಈ ಸೆನ್ಸರ್ ಇರುವುದೇ ಇಲ್ಲ. ಒತ್ತಡ ಮತ್ತು ತಾಪ ನೋಡಿ ಇ.ಸಿ.ಯು. ತಾನೇ ಗಾಳಿಯ ತೂಕ ಲೆಕ್ಕ ಹಾಕುತ್ತದೆ. ನಾನು ಮೇಲೆ ಕೈಯಲ್ಲಿ ಮಾಡಿದ ಲೆಕ್ಕವನ್ನೇ ಅದು ಕ್ಷಣ ಕ್ಷಣಕ್ಕೂ ಮಾಡುತ್ತಿರುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಏರ್ ಫ್ಲೋ ಸೆನ್ಸರ್ ಇದ್ದು, ಅದು ಕಡಿಮೆ ಹೇಳಿದರೆ ಪಿ0171 ಬರುವುದುಂಟು, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ಆದರೆ ಸಿ.ಎನ್.ಜಿ. ಕಿಟ್ ಹಾಕಿದವರು ಸ್ಪಾರ್ಕ್ ಪ್ಲಗ್ ಚೆನ್ನಾಗಿ ಇಟ್ಟುಕೊಳ್ಳಿ. ಇಂಟೇಕ್ ಕಡೆ ಬ್ಯಾಕ್‌ಫೈರ್ ಆದರೆ, ಅಂದರೆ ಬೆಂಕಿ ಹಿಂದಕ್ಕೆ ಹೊಡೆದರೆ, ಫಿಲ್ಟರ್ ಡಬ್ಬಿ, ಅಲ್ಲಿರುವ ಸೆನ್ಸರ್ ಎರಡಕ್ಕೂ ಪೆಟ್ಟು.

ಅರಬೈಲ್ ಏರು

ಒತ್ತಡ ಸೆನ್ಸರ್ ಪಾಸ್. ಹುಬ್ಬಳ್ಳಿಯಲ್ಲಿ 94 ತೋರಿಸಿತು. ಹಬ್ಬಕ್ಕೆ ಊರಿಗೆ ಹೋದಾಗ ಅಂಗಳದಲ್ಲಿ ನಿಂತು ನೋಡಿದೆ, 101. ಅಪ್ಪನಿಗೂ ತೋರಿಸಿದೆ, ಅವರು ಖುಷಿಪಟ್ಟರು.

ಪೈಪ್ ಬಿಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಎರಡೂ ಕಡೆ ಅಂಗೈ ಒತ್ತಿ ಹಿಡಿದು ಹಿಂಡಿದೆ. ಒಂದು ಗುಳ್ಳೆಯೂ ಬರಲಿಲ್ಲ. ಪೈಪ್ ಚೆನ್ನಾಗಿದೆ.

ಆಮೇಲೆ ಸೆನ್ಸರ್ ಹೊರಗೆ ತೆಗೆದೆ. ಎರಡು ಸ್ಕ್ರೂ, ತಲೆಯ ಮಧ್ಯೆ ಒಂದು ಮುಳ್ಳು ಇರುವ ನಕ್ಷತ್ರದ ಆಕಾರ. ಸಾಮಾನ್ಯ ಟಾರ್ಕ್ಸ್ ಬಿಟ್ ಕೂರಲ್ಲ, ಮಧ್ಯೆ ತೂತು ಇರುವ ಟಿ20 ಬಿಟ್ ಬೇಕು. ಕಿಟಕಿ ಬೆಳಕಿಗೆ ಹಿಡಿದು ಫೋನಿನ ಕ್ಯಾಮೆರಾ ಜೂಮ್ ಮಾಡಿ ನೋಡಿದೆ. ಒಳಗಿನ ಸಣ್ಣ ಕಾಲುವೆಯಲ್ಲಿ ಫಿಲಂ ಕನ್ನಡಿ ಹಾಗೆ ಹೊಳೆಯಬೇಕಿತ್ತು. ಅದರ ಗಾಳಿ ಬಡಿಯುವ ಅಂಚಿನಲ್ಲಿ ಕಂದು ಬಣ್ಣದ ಪೊರೆ. ಒಣ ಧೂಳಲ್ಲ, ಜಿಡ್ಡಿನ ಜೊತೆ ಬೆರೆತು ಚಹಾ ಲೋಟದ ತಳದ ಕಲೆ ಹಾಗೆ ಕೂತಿದೆ. ಅಂಚಿಗೆ ಕೂದಲೆಳೆಯಷ್ಟು ಸಣ್ಣ ಎಳೆಯೊಂದು ಅಂಟಿಕೊಂಡಿತ್ತು.

ಏರ್ ಫ್ಲೋ ಸೆನ್ಸರಿಗೆಂದೇ ಬರುವ ಸ್ಪ್ರೇ ತಂದಿದ್ದೇನೆ. ಹೊಡೆಯುವ ಮುಂಚೆ ಏನಾದರೂ ಹೇಳುವುದಿದ್ದರೆ ಹೇಳಿ.

ಅಡಿಕೆ ಚಪ್ಪರ

ಕಾರ್ಬುರೇಟರ್ ಕ್ಲೀನರ್, ಬ್ರೇಕ್ ಕ್ಲೀನರ್ ಎರಡೂ ಬೇಡವೇ ಬೇಡ. ನಮ್ಮ ಅಣ್ಣನ ಗಾಡಿಗೆ ಯಾರೋ ಕಾರ್ಬುರೇಟರ್ ಕ್ಲೀನರ್ ಹೊಡೆದು ಒಳ್ಳೆಯ ಸೆನ್ಸರನ್ನೇ ಹಾಳು ಮಾಡಿದರು.

ಹತ್ತರ ಸ್ಪ್ಯಾನರ್

ಇಗ್ನಿಷನ್ ಆಫ್, ಸೆನ್ಸರ್ ಗಾಡಿಯಿಂದ ಹೊರಗೆ, ತಣ್ಣಗಿರಬೇಕು. ಬೆರಳು, ಹತ್ತಿ ಕಡ್ಡಿ, ಬ್ರಷ್, ಟೈರಿಗೆ ಗಾಳಿ ಹಿಡಿಯುವ ಪೈಪ್, ಯಾವುದೂ ಹತ್ತಿರ ಬರಬಾರದು. ಆ ಫಿಲಂ ಎಷ್ಟು ತೆಳು ಅಂದರೆ ಜೋರು ಗಾಳಿಗೇ ಒಡೆಯಬಹುದು. ದೂರದಿಂದ ಹತ್ತು ಹನ್ನೆರಡು ಸಲ ಚಿಕ್ಕ ಚಿಕ್ಕದಾಗಿ ಹೊಡೆಯಿರಿ, ಕೊಳೆ ಕೆಳಗೆ ಇಳಿಯುವ ಹಾಗೆ ಓರೆ ಹಿಡಿಯಿರಿ. ಅರ್ಧ ಗಂಟೆ ನೆರಳಿನಲ್ಲಿ ತಾನಾಗಿಯೇ ಒಣಗಲಿ, ಹೇರ್ ಡ್ರೈಯರ್ ಬೇಡ. ಪೂರ್ತಿ ಒಣಗದೆ ಕಪ್ಲರ್ ಹಾಕಬೇಡಿ.

ಒಣ ಧೂಳಾದರೆ ಇದರಲ್ಲೇ ಸರಿ ಹೋಗುತ್ತದೆ. ನೀವು ಹೇಳಿದ ಹಾಗೆ ಜಿಡ್ಡು ಬೆರೆತು ಅಂಟಿದ ಪೊರೆ ಆದರೆ ನನಗೆ ಹೆಚ್ಚು ನಂಬಿಕೆ ಇಲ್ಲ. ಆದರೂ 400 ರೂಪಾಯಿಯ ಪ್ರಯತ್ನ, ಮಾಡಲೇಬೇಕು.

ಅರಬೈಲ್ ಏರು

ಒಂಬತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ, ಬೇಕೆಂದೇ ಕಾದೆ.

ತೊಳೆದ ದಿನ ಅದೇ ರಸ್ತೆ, ಅದೇ ಗೇರ್: 37 ಗ್ರಾಂ. ಗಾಡಿ ಹಗುರ ಆದ ಹಾಗೆ ಇತ್ತು. ನಾಲ್ಕನೇ ದಿನ 34. ನಿನ್ನೆ 31, ಚೆಕ್ ಲೈಟ್ ಮತ್ತೆ ಬಂತು. ನಿಂತ ಗಾಳಿಯ ವೋಲ್ಟ್ 1.11ರಿಂದ 1.08ಕ್ಕೆ ಇಳಿದಿತ್ತು, ಅಲ್ಲಿಂದ ಕೆಳಗೆ ಬರಲಿಲ್ಲ. ಸೆನ್ಸರ್ ಮುಗಿದಿದೆ, ಇನ್ನು ಅನುಮಾನ ಇಲ್ಲ. ಹೊಸದು ಎಲ್ಲಿ ಕೊಳ್ಳಲಿ? ಆನ್‌ಲೈನಿನಲ್ಲಿ 1,200ಕ್ಕೂ ಇದೆ, 5,000ಕ್ಕೂ ಇದೆ, ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಸಂಡೂರು ಕೆಂಪುಮಣ್ಣು

1,200ರದ್ದು ಮುಟ್ಟಬೇಡಿ. ನಾನು ಮೊದಲ ಸಲ ಅಂಥದ್ದೇ ಹಾಕಿ, ಸೆನ್ಸರ್ ಅಲ್ಲವೇನೋ ಅಂತ ಒಂದು ತಿಂಗಳು ಬೇರೆ ಕಡೆ ಹುಡುಕಿದೆ. ಡಬ್ಬದ ಮೇಲೆ ದೊಡ್ಡ ಕಂಪನಿ ಹೆಸರು, ಹೊಲೊಗ್ರಾಂ ಎಲ್ಲ ಇತ್ತು. ಆದರೆ ಪ್ಲಾಸ್ಟಿಕ್ ಅಚ್ಚಿನ ಅಂಚು ಒರಟು, ನಂಬರ್ ಲೇಸರಿನಲ್ಲಿ ಕೊರೆದಿರದೆ ಮಸಿಯಲ್ಲಿ ಅಚ್ಚು ಮಾಡಿದ್ದರು, ಉಗುರು ತಾಗಿದರೆ ಅಳಿಸಿತು. ಗುಜರಿಯ ಹಳೇ ಸೆನ್ಸರೂ ಬೇಡ, ಅದು ಎಷ್ಟು ಧೂಳು ಕುಡಿದಿದೆ ಅಂತ ಯಾರಿಗೆ ಗೊತ್ತು.

ಲೆಕ್ಕದ ಪುಸ್ತಕ

ನಿಮ್ಮ ಹಳೆ ಸೆನ್ಸರ್ ಮೇಲಿನ ಪೂರ್ತಿ ಪಾರ್ಟ್ ನಂಬರ್ ನೋಡಿ, ಕೊನೆಯ ಅಂಕಿಯವರೆಗೂ ಹೊಂದಬೇಕು. ನೋಡಲು ಒಂದೇ ಥರ, ಕಪ್ಲರೂ ಸರಿಯಾಗಿ ಕೂರುತ್ತದೆ, ಆದರೆ ಎಷ್ಟು ವೋಲ್ಟಿಗೆ ಎಷ್ಟು ಗ್ರಾಂ ಅನ್ನುವ ಪಟ್ಟಿ ಒಂದೊಂದು ಗಾಡಿಗೆ ಬೇರೆ. ಅದು ಕೊಳವೆಯ ಅಗಲದ ಮೇಲೂ ನಿಂತಿರುತ್ತದೆ. ಕಂಪನಿ ಡಬ್ಬದ ಬದಲು ಸೆನ್ಸರ್ ತಯಾರಿಸುವವರದೇ ಡಬ್ಬದಲ್ಲಿ, ಅವರ ಅಧಿಕೃತ ವಿತರಕರ ಹತ್ತಿರ ಕೊಂಡರೆ ಅದೇ ಮಾಲು ಕಡಿಮೆಗೆ ಸಿಗುತ್ತದೆ. ಬೆಂಗಳೂರಿಗೆ ಬರುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಲು ಹೇಳಿ, ಹಳೆ ಸೆನ್ಸರ್ ಕೈಯಲ್ಲಿ ಕೊಟ್ಟು ಕಳಿಸಿ, ಜಿ.ಎಸ್.ಟಿ. ಬಿಲ್ ಕೇಳಿ ತೆಗೆದುಕೊಳ್ಳಲಿ.

ಹತ್ತರ ಸ್ಪ್ಯಾನರ್

ಹೊಸದು ಹಾಕುವ ಮುಂಚೆ ಹಳೆಯದು ಯಾಕೆ ಹೋಯಿತು ಅಂತ ಹುಡುಕಿ. ಸಂಡೂರಿನವರು ಬಟ್ಟೆ ಪರೀಕ್ಷೆ ಹೇಳಿದ್ದರು, ನೀವು ಅದರ ಬಗ್ಗೆ ಏನೂ ಬರೆದಿಲ್ಲ. ಸೆನ್ಸರ್ ಕೊಳ್ಳುವುದಕ್ಕಿಂತ ನನಗೆ ಅದೇ ಮುಖ್ಯ.

ಅರಬೈಲ್ ಏರು

ನೀವು ನೆನಪು ಮಾಡಿದ್ದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇವತ್ತು ಬೆಳಿಗ್ಗೆ ಮಾಡಿದ ಕೆಲಸ ಇದು.

ಫಿಲ್ಟರ್ ಡಬ್ಬಿಯ ಮುಚ್ಚಳಕ್ಕೆ ನನ್ನ ಗಾಡಿಯಲ್ಲಿ ನಾಲ್ಕು ಕ್ಲಿಪ್. ಮೂರು ಟಕ್ ಅಂತ ಬಿಟ್ಟವು. ನಾಲ್ಕನೆಯದು, ಹಿಂದುಗಡೆ ಗೋಡೆ ಪಕ್ಕದ್ದು, ಕೈ ಮಾತ್ರ ಹೋಗುತ್ತದೆ, ಕಣ್ಣಿಗೆ ಕಾಣಲ್ಲ. ಮುಟ್ಟಿದರೆ ಅಲ್ಲಾಡುತ್ತಿದೆ. ಫೋನ್ ಇಳಿಸಿ ಫೋಟೋ ತೆಗೆದೆ. ಕ್ಲಿಪ್ ಇದೆ, ಅದು ಹಿಡಿದುಕೊಳ್ಳುವ ಪ್ಲಾಸ್ಟಿಕ್ ಕಿವಿಯೇ ಮುರಿದು ಹೋಗಿದೆ. ಹಿಂದೆ ಯಾವಾಗಲೋ ಫಿಲ್ಟರ್ ಬದಲಿಸಿದವರು ಬಲವಂತ ಮಾಡಿ ಮುರಿದು, ಹಾಗೇ ಬಿಟ್ಟಿದ್ದಾರೆ. ಆ ಮೂಲೆಯಲ್ಲಿ ಮುಚ್ಚಳ ಎತ್ತಿಕೊಂಡಿದೆ. ಒಂದು ಪೋಸ್ಟ್‌ಕಾರ್ಡ್ ಸಲೀಸಾಗಿ ಒಳಗೆ ಹೋಯಿತು.

ಬಟ್ಟೆ ಸುತ್ತಿ ಒರೆಸಿದೆ. ಬಟ್ಟೆ ಅರಿಸಿನ ಕುಂಕುಮ ಬೆರೆತ ಬಣ್ಣ ಆಯಿತು. ಮುರಿದ ಮೂಲೆಯಿಂದ ಸೆನ್ಸರಿನ ಬಾಯಿಯವರೆಗೆ ಧೂಳು ಹರಿದು ಬಂದ ದಾರಿ ಬಾಲದ ಹಾಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಫಿಲ್ಟರ್ ಮಾತ್ರ ತಕ್ಕಮಟ್ಟಿಗೆ ಶುದ್ಧ! ಧೂಳು ಅದನ್ನು ದಾಟುವ ಅಗತ್ಯವೇ ಇರಲಿಲ್ಲ. ಇದೇ ಧೂಳು ಟರ್ಬೊಗೂ, ಸಿಲಿಂಡರಿಗೂ ಹೋಗಿದೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ಸೆನ್ಸರ್ ಮಾತ್ರ ಬದಲಿಸಿ 11,500 ಕೊಟ್ಟಿದ್ದರೆ ಇದು ಹಾಗೇ ಉಳಿಯುತ್ತಿತ್ತು.

ಸಂಡೂರು ಕೆಂಪುಮಣ್ಣು

ಮೂಲೆ ಸಿಕ್ಕಿತಲ್ಲ, ದೊಡ್ಡ ಕೆಲಸ ಆಯಿತು. ಡಬ್ಬಿಗೆ ಅಂಟು, ಎಂ-ಸೀಲ್ ಹಚ್ಚಿ ಸುಮ್ನೆ ಬಿಡಬೇಡಿ, ಎಂಜಿನ್ ಅದುರುವುದಕ್ಕೆ ಬಿಟ್ಟುಕೊಳ್ಳುತ್ತದೆ. ಗುಜರಿಯಲ್ಲಿ ಪೂರ್ತಿ ಡಬ್ಬಿಯೇ ಸಿಗುತ್ತದೆ. ಇದನ್ನು ಹಳೇದು ಕೊಂಡರೆ ತೊಂದರೆ ಇಲ್ಲ, ಪ್ಲಾಸ್ಟಿಕ್ ತಾನೇ.

ಅರಬೈಲ್ ಏರು

ಕೆಲಸ ಮುಗಿಯಿತು. ಮುಂದೆ ಯಾರಿಗಾದರೂ ಬೇಕಾಗಬಹುದು ಅಂತ ಬರೆದಿಡುತ್ತೇನೆ.

ಡಬ್ಬಿ ಗುಜರಿಯಲ್ಲಿ 650 ರೂಪಾಯಿಗೆ ಸಿಕ್ಕಿತು, ನಾಲ್ಕೂ ಕಿವಿ ಗಟ್ಟಿ. ಸೋಪಿನಲ್ಲಿ ತೊಳೆದು ಒಂದು ದಿನ ಒಣಗಿಸಿದೆ. ಹೊಸ ಫಿಲ್ಟರ್ 380. ಸೆನ್ಸರ್ ಬೆಂಗಳೂರಿನಿಂದ ಬಿಲ್ ಸಹಿತ 4,850, ನಂಬರ್ ಕೊನೆಯ ಅಂಕಿಯವರೆಗೂ ಹೊಂದಿತು.

ಹಾಕುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಸೆನ್ಸರ್ ಕೂರುವ ಕೊಳವೆಯ ಒಳಗನ್ನು ಒಣ ಬಟ್ಟೆಯಿಂದ ಒರೆಸಿದೆ. ಟರ್ಬೊ ಕಡೆಯ ಪೈಪಿನ ಬಾಯಿಗೆ ಬಟ್ಟೆ ತುರುಕಿದ್ದೆ, ಸ್ಕ್ರೂ ಏನಾದರೂ ಬಿದ್ದರೆ ನೇರ ಟರ್ಬೊ ಒಳಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಆ ಬಟ್ಟೆ ತೆಗೆಯಲು ನೆನಪಿರಲಿ ಅಂತ ಅದರ ತುದಿಯನ್ನು ಗಾಡಿಯ ಕೀಲಿಗೊಂಚಲಿಗೆ ದಾರದಿಂದ ಕಟ್ಟಿದ್ದೆ. ಹೊಸ ಸೆನ್ಸರಿನ ರಬ್ಬರ್ ರಿಂಗ್ ಮಡಚಿಕೊಳ್ಳದ ಹಾಗೆ ನೇರವಾಗಿ ಒತ್ತಬೇಕು. ಗಾಳಿ ಹೋಗುವ ದಿಕ್ಕಿಗೆ ಮೇಲೆ ಬಾಣದ ಗುರುತಿದೆ, ನೋಡಿ ಹಾಕಿ. ಸ್ಕ್ರೂ ಕೂರುವುದು ಪ್ಲಾಸ್ಟಿಕ್ ಮೇಲೆ, ಬೆರಳಿನ ಬಲದಲ್ಲಿ ನಿಂತ ಮೇಲೆ ಸ್ವಲ್ಪವೇ ತಿರುಗಿಸಿದರೆ ಸಾಕು. ಕಪ್ಲರ್ ಟಕ್ ಅನ್ನಬೇಕು. ಎಲ್ಲ ಸೇರಿ ನಲವತ್ತು ನಿಮಿಷ.

ಕೋಡ್ ಅಳಿಸಿದೆ. ಕೆಲವು ಗಾಡಿಗಳಿಗೆ ಹೊಸ ಸೆನ್ಸರ್ ಹಾಕಿದ್ದನ್ನು ಸ್ಕ್ಯಾನರಿನಲ್ಲಿ ತಿಳಿಸಿ ಹಳೆ ತಿದ್ದುಪಡಿ ಲೆಕ್ಕ ಅಳಿಸಬೇಕಂತೆ. ನನ್ನದಕ್ಕೆ ಅದು ಬೇಕಾಗಲಿಲ್ಲ.

ಲೆಕ್ಕ ಹೀಗಿದೆ. ನಿಂತ ಗಾಳಿಗೆ 1.00 ವೋಲ್ಟ್. ಮೂರನೇ ಗೇರ್, 3000 ಆರ್.ಪಿ.ಎಂ., ಪೂರ್ತಿ ಕಾಲು: ಒತ್ತಡ 200, ತಾಪ 50, ಗಾಳಿ 57 ಗ್ರಾಂ.

ಲೆಕ್ಕದ ಪುಸ್ತಕ

200 ಒತ್ತಡ, 50 ಡಿಗ್ರಿಗೆ ನನ್ನ ಲೆಕ್ಕವೂ 57! ಇಬ್ಬರು ಸಾಕ್ಷಿಗಳೂ ಈಗ ಒಂದೇ ಮಾತು ಹೇಳುತ್ತಿದ್ದಾರೆ. ಬೂಸ್ಟ್ 150ರಿಂದ 200ಕ್ಕೆ ಏರಿದ್ದನ್ನೂ ಗಮನಿಸಿ, ಡೀಸೆಲ್ ಕಡಿತ ನಿಂತಿದ್ದರಿಂದ ಟರ್ಬೊ ಮತ್ತೆ ಪೂರ್ತಿ ತಿರುಗುತ್ತಿದೆ.

ಹತ್ತರ ಸ್ಪ್ಯಾನರ್

ತುಂಬಾ ಖುಷಿ ಆಯಿತು. ಇನ್ನೊಂದು ಕೆಲಸ ಉಳಿದಿದೆ. ಇಷ್ಟು ಧೂಳು ಕುಡಿದ ಟರ್ಬೊ, ಅದರ ಗಾಳಿ ಎಳೆಯುವ ರೆಕ್ಕೆಯ ಅಂಚು ಸವೆದಿದೆಯಾ ಅಂತ ಒಮ್ಮೆ ಪೈಪ್ ಬಿಚ್ಚಿ ಟಾರ್ಚ್ ಹಾಕಿ ನೋಡಿ. ಶಾಫ್ಟ್ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ತುಸು ಆಟ ಇರುವುದು ಸಹಜ, ಹಿಂದೆ ಮುಂದೆ ಆಟ ಇರಬಾರದು. ಎಂಜಿನ್ ಆಯಿಲ್ ಈ ಸಲ ಬೇಗ ಬದಲಿಸಿಬಿಡಿ.

ಅರಬೈಲ್ ಏರು

ನೋಡಿದೆ. ರೆಕ್ಕೆಯ ಅಂಚು ಸ್ವಲ್ಪ ಮಂಕಾಗಿದೆ, ಚೂರು ಎದ್ದಿಲ್ಲ. ಹಿಂದೆ ಮುಂದೆ ಆಟ ಇಲ್ಲ. ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಿಸಿದೆ.

ನಿನ್ನೆ ಊರಿನಿಂದ ವಾಪಸ್ ಬಂದೆ. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ, ಡಿಕ್ಕಿಯಲ್ಲಿ ಎರಡು ಚೀಲ ತೆಂಗಿನಕಾಯಿ. ಅರಬೈಲ್ ಘಾಟ್ ಪೂರ್ತಿ ಮೂರನೇ ಗೇರಿನಲ್ಲಿ ಹತ್ತಿತು, ಒಂದು ಕಡಿದಾದ ತಿರುವಿನಲ್ಲಿ ಮುಂದೆ ಲಾರಿ ನಿಂತಿದ್ದರಿಂದ ಮಾತ್ರ ಎರಡಕ್ಕೆ ಇಳಿಸಿದೆ. ಟ್ಯಾಂಕಿನಿಂದ ಟ್ಯಾಂಕಿಗೆ ಅಳೆದರೆ ಮೈಲೇಜ್ 20.6. ಮನೆಗೆ ಬಂದು ಗಾಡಿ ತಣ್ಣಗಾದ ಮೇಲೆ ಡಬ್ಬಿ ತೆಗೆದು ಹೊಸ ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಇತ್ತು.